ಮೂರು ಕೂಡಿಸು ನಾಲ್ಕು

ಬರ್ಕಾದಲ್ಲಿ ಕಡಲನ್ನು ಸಿಹಿ ಮಾಡುವುದು ನನ್ನ ಕೆಲಸ.
ಇಪ್ಪತ್ತಾರು ವರ್ಷ
ಒತ್ತಡದ ಮುಳ್ಳು ನೋಡಿ ಗಂಟೆಗೊಮ್ಮೆ ಬರೆದಿದ್ದೇನೆ:
ಒಳಗೆ ಎಷ್ಟು ಹೋಯಿತು, ಹೊರಗೆ ಎಷ್ಟು ಬಂತು.
ಪೊರೆ ಕಟ್ಟಿಕೊಂಡರೆ ಮೊದಲು ಧಾರೆ ಸಣ್ಣಗಾಗುತ್ತದೆ,
ಸೈರನ್ನು ಆಮೇಲೆ.

ಅಷ್ಟು ಗೊತ್ತಿದ್ದವನು
ರಾತ್ರಿ ನಾಲ್ಕು ಸಲ ಎದ್ದು ಕ್ಯಾಂಪಿನ ಕಕ್ಕಸಿನ ಗೋಡೆ ಹಿಡಿದು ನಿಂತಾಗ
ಏಸಿಯ ತಂಡಿ ಅಂದುಕೊಂಡೆ.
ಪಕ್ಕದ ಮಂಚದ ಮೊಯ್ದು, ಕಾಸರಗೋಡಿನವ,
ಬಾರ್ಲಿ ಕುದಿಸಿ ಕೊಟ್ಟ.
ಎರಡು ವರ್ಷ ಬಾರ್ಲಿ ಕುಡಿದೆ.

ರೂವಿಯ ಆಸ್ಪತ್ರೆಯಲ್ಲಿ ಸುಡಾನಿ ಡಾಕ್ಟರು, ಬಾಬಿಕರ್.
ಎತ್ತರದ ಆಳು; ಇಂಗ್ಲಿಷು ನಿಧಾನ, ಹಿಂದಿ ಸಿನಿಮಾದ್ದು.
'ರಾತ್ರಿ ಏಳುವುದು ಬೇರೆ, ಅದು ವಯಸ್ಸಿನ ಊತ.
ಅದರ ಕೈಹಿಡಿದು ಇಲ್ಲಿಗೆ ಬಂದಿರಲ್ಲ, ಅದೇ ಪುಣ್ಯ.
ಇದು ಸದ್ದು ಮಾಡುವ ಜಾತಿಯದಲ್ಲ.'

ಆಮೇಲೆ ಫಾರಂ.
ವಯಸ್ಸು? ಐವತ್ತೆಂಟು. ಪಾಸ್‌ಪೋರ್ಟಿನಲ್ಲಿ ಐವತ್ತೈದು,
ಏಜೆಂಟ ಇಳಿಸಿದ್ದ.
ಇದು ಪಾಸ್‌ಪೋರ್ಟು ನೋಡುವುದಿಲ್ಲ ಎಂದು ನಿಜದ್ದನ್ನೇ ಬರೆದರು.
ಬೀಡಿ? ಬಿಟ್ಟಿದ್ದೇನೆ.
ತೂಕ? ಕಾಣುತ್ತಿದೆಯಲ್ಲ ಸಾರ್.
ತಂದೆ?

ಗಂಗೊಳ್ಳಿಯ ಹೆರಿಯ ಮೊಗವೀರ, ಸೊಂಟನೋವಿನಲ್ಲಿ ಸತ್ತ.
ಹಾಗೆಂದು ಊರು ಹೇಳಿತು, ನಾವೂ ಹೇಳಿದೆವು.
ಬಲೆ ಎಳೆದ ಸೊಂಟ, ನೋಯದೆ ಇರುತ್ತದೆಯೆ?
ಎಣ್ಣೆ ತಿಕ್ಕಿದೆವು, ಬಿಸಿ ಉಪ್ಪಿನ ಗಂಟು ಇಟ್ಟೆವು,
ಕೊನೆಗೆ ಮಗ್ಗುಲು ತಿರುಗಿದ್ದಕ್ಕೇ ತೊಡೆಯ ಎಲುಬು ಮುರಿಯಿತು.
'ಮಗ್ಗುಲು ತಿರುಗಿದ್ದಕ್ಕೆ?'
ಹೌದು.
ಅವರು ತಂದೆಯ ಕಾಲಮ್ಮಿನಲ್ಲಿ ಪ್ರಶ್ನೆಚಿಹ್ನೆ ಹಾಕಿದರು.
ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ದಪ್ಪ ಮಾಡಿದರು.
ಮೂವತ್ತೊಂದು ವರ್ಷದ ಮೇಲೆ, ಮಸ್ಕತ್ತಿನಲ್ಲಿ,
ಅಪ್ಪ ಇನ್ನೊಂದು ಕಾಯಿಲೆಯಿಂದ ಸತ್ತ.

'ಮನೆಯ ಹೆಂಗಸರಿಗೆ? ಎದೆಯಲ್ಲಿ ಗಡ್ಡೆ?'
ಗಂಡಸಿನ ಕಾಯಿಲೆಗೆ ಹೆಂಗಸಿನ ಎದೆ ಯಾಕೆ ಸಾರ್?
'ಕೆಲವು ಸಲ ಬೇರು ಒಂದೇ.'
ದೊಡ್ಡಮ್ಮ ಸೆರಗಿನೊಳಗೆ ಮುಚ್ಚಿಟ್ಟುಕೊಂಡೇ ಹೋದದ್ದನ್ನು
ಹೇಳಿದೆ.
ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಆಡದ ಎರಡು ಮಾತು
ಒಮಾನಿನ ಕಾಗದದ ಮೇಲೆ ಅಕ್ಕಪಕ್ಕ ಕೂತವು.

ಹನ್ನೆರಡು ಸೂಜಿ. ಐದರಲ್ಲಿ ಸಿಕ್ಕಿತು.
ರಕ್ತದ ಅಂಕೆ ಹನ್ನೊಂದೂವರೆ.
ಇನ್ನೊಂದು ಲೆಕ್ಕ: ಮೂರು ಕೂಡಿಸು ನಾಲ್ಕು, ಏಳು.
ನಾಲ್ಕು ಕೂಡಿಸು ಮೂರಾಗಿದ್ದರೆ?
'ಅದೂ ಏಳು. ಆದರೆ ಆ ಏಳು ಇದಕ್ಕಿಂತ ಕೆಟ್ಟದ್ದು.
ನಿಮ್ಮದು ಪರವಾಗಿಲ್ಲದ ಏಳು.'
ಗಂಗೊಳ್ಳಿ ಶಾಲೆಯ ಮೇಷ್ಟರು ಕೇಳಿದ್ದರೆ ಬೆತ್ತ ತೆಗೆಯುತ್ತಿದ್ದರು.

ಹತ್ತು ವರ್ಷ ಸಿಗಬಹುದೆ ಅಂದೆ.
'ನೂರು ಜನರಲ್ಲಿ ಬಹಳ ಜನಕ್ಕೆ.'
ನಾನು ಒಬ್ಬನೇ ಸಾರ್, ನೂರು ಹೇಗೆ ಆಗಲಿ?
ನಕ್ಕರು. ಆಮೇಲೆ ನಗಲಿಲ್ಲ.
'ನನ್ನ ಅಪ್ಪನದೂ ಇದೇ.
ವರ್ಷಕ್ಕೊಮ್ಮೆ ನನ್ನ ರಕ್ತವನ್ನೂ ನೋಡಿಸುತ್ತೇನೆ.
ನಿಮಗೆ ಅಣ್ಣತಮ್ಮಂದಿರು?'

ಒಬ್ಬನಿದ್ದಾನೆ, ನರಸಿಂಹ. ಸಲಾಲಾ ಬಂದರಿನಲ್ಲಿ ಕ್ರೇನು.
ದೋಣಿ ಮಾರಿದ ದುಡ್ಡಿನ ಮೇಲೆ ಮಾತು ಬಿಟ್ಟು ಒಂಬತ್ತು ವರ್ಷ.
ಮಗನೂ ಇದ್ದಾನೆ, ಇಪ್ಪತ್ತಮೂರು. ಅವನಿಗೆ ಇನ್ನೂ ಹೊತ್ತಿದೆ,
ನಲವತ್ತಕ್ಕೆ ಹೇಳಬಹುದು,
ನಾನಿದ್ದರೆ.

ನೀರಿನ ಟ್ಯಾಂಕರಿನ ನೆರಳಿಗೆ ನಿಂತು ಫೋನು ಮಾಡಿದೆ.
ಮೂರನೇ ಸಲಕ್ಕೆ ಎತ್ತಿದ. ಹಿಂದೆ ಗಾಳಿ, ಕಬ್ಬಿಣದ ಸದ್ದು.
'ಎಂತ?'
ಒಂಬತ್ತು ವರ್ಷಕ್ಕೆ ಎರಡಕ್ಷರ.
ದುಡ್ಡಿನ ಮಾತಲ್ಲ ಅಂದೆ.
ಅಪ್ಪನದು ಸೊಂಟನೋವು ಅಲ್ಲವಂತೆ ಅಂದೆ.
'ನಂಗ್ ಎಂತದೂ ಇಲ್ಲ. ಗಟ್ಟಿ ಇದ್ದೆ.'
ನಾನೂ ಗಟ್ಟಿಯೇ ಇದ್ದೆ ಮಾರಾಯ.

ಕಬ್ಬಿಣದ ಸದ್ದು ನಿಂತಿತು.
ಕ್ರೇನು ಆರಿಸಿರಬೇಕು. ಅಷ್ಟೆತ್ತರದಲ್ಲಿ ಒಬ್ಬನೇ ಕೂತು
ಕೆಳಗೆ ಏನು ನೋಡುತ್ತಿದ್ದನೋ.
'ರಕ್ತ ಕೊಡುಕೆ ಉಪಾಸ ಇರ್ಕಾ?'
ಬ್ಯಾಡ ಅಂದೆ.
ಉಂಡ್ಕಂಡೇ ಹೋಗ್.